ಹೊಸ ಪ್ಲಗ್ಗಿನ ಕಾರಿನಲ್ಲಿ ಮಣಿಪಾಲಕ್ಕೆ

ಅರವತ್ತರ ದಶಕದ ಕೊನೆಯ ಒಂದು ಮೇ ತಿಂಗಳು. ಬೆಳಿಗ್ಗೆ ಒಂಬತ್ತಕ್ಕೆ ನಾನೂ ಅಮ್ಮನೂ ಕಾರ್ಕಳದಿಂದ ಹೊರಟೆವು. ಕಾಪುವಿಗೆ ಮದುವೆಯಾಗಿದ್ದ ನನ್ನ ಅಕ್ಕ ಲೀಲಾ ಕಾಮಾಲೆ ಉಲ್ಬಣಿಸಿ ಮಣಿಪಾಲದ ಆಸ್ಪತ್ರೆಯಲ್ಲಿದ್ದಳು. ಕೂಡಲೇ ಬರಬೇಕೆಂದು ಭಾವ ತಂತಿ ಕಳಿಸಿದ್ದರು. ಬಸ್ಸು ಹೋಗಿಯಾಗಿತ್ತು. ನೆರೆಯ ಬಾಸ್ತಿ ತನ್ನ ಬಾಡಿಗೆ ಕಾರು ತಂದ. ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಕಾರು ಅದು.

"ಅರ್ಜೆಂಟಿನ ಪ್ರಯಾಣ ಅಲ್ವಾ ಮಾಸ್ಟ್ರೇ, ನಾಲ್ಕೂ ಪ್ಲಗ್ ಹೊಸತು ಹಾಕಿದ್ದೇನೆ" ಎಂದ.

ಇಪ್ಪತ್ತು ಮೈಲಿನ ದಾರಿ. ಬೈಲೂರು ದಾಟಿ ಎರಡು ಮೈಲು ಹೋಗುವಷ್ಟರಲ್ಲಿ ಇಂಜಿನ್ ಮುಗ್ಗರಿಸತೊಡಗಿತು. ಏರಿನಲ್ಲಿ ನಿಂತೇ ಹೋಯಿತು. ಬಾಸ್ತಿ ಇಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಆ ಪ್ಲಗ್ಗುಗಳನ್ನು ಬಿಚ್ಚಿದ. ನಾಲ್ಕರ ತುದಿಯಲ್ಲೂ ಒದ್ದೆ ಮಸಿ.

"ಎಂತ ಆಯಿತು?" ಎಂದು ಕೇಳಿದೆ.

ಅವನು ದನಿ ತಗ್ಗಿಸಿದ. "ಇದು ಹೊಸ ಇಂಜಿನ್ನಿಗೆ ಆಗುವ ಜಾತಿ. ನಮ್ಮ ಇಂಜಿನ್ ಸವೆದಿದೆ, ಎಣ್ಣೆ ಮೇಲೆ ಬರುತ್ತದೆ. ತುದಿ ಚೆನ್ನಾಗಿ ಕಾದರೆ ಮಸಿ ಸುಟ್ಟು ಹೋಗುತ್ತದೆ, ಇದು ಅಷ್ಟು ಕಾಯುವುದೇ ಇಲ್ಲ. ಅಳತೆ ಸರಿ ಕೂತಿತು ಅಂತ ಹಾಕಿಬಿಟ್ಟೆ."

ಪೆಟ್ಟಿಗೆಯಲ್ಲಿ ಹಳೆಯ ಪ್ಲಗ್ ಎರಡೇ ಇದ್ದವು. ಅವನ್ನು ಹಾಕಿ, ಹೊಸತರಲ್ಲಿ ಎರಡನ್ನು ಪೆಟ್ರೋಲಿನಲ್ಲಿ ತೊಳೆದು, ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕಿದ. ಒಂದು ಎತ್ತಿನಗಾಡಿ ಬಿಟ್ಟರೆ ಆ ದಾರಿಯಲ್ಲಿ ಬೇರೇನೂ ಬರಲಿಲ್ಲ. ಬಿಸಿಲು ಏರಿತ್ತು. ಅಮ್ಮ ಕಾರಿನೊಳಗೇ ಕುಳಿತಿದ್ದರು, ಇಳಿಯಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಭಾವ ಗೋಡೆಗೆ ಒರಗಿ ನಿಂತಿದ್ದರು. "ಅವಳು ಹೋಗಿ ಅರ್ಧ ಗಂಟೆ ಆಯಿತು" ಎಂದರು. "ಅಮ್ಮ ಬಂದರಾ ಅಂತ ಎರಡು ಸಲ ಕೇಳಿದಳು."

ಕಾಗದಪತ್ರ ಮುಗಿಯುವ ಹೊತ್ತಿಗೆ ಬಾಸ್ತಿ ಉಡುಪಿಗೆ ಹೋಗಿ ಸರಿಯಾದ ಪ್ಲಗ್ ಹಾಕಿಸಿಕೊಂಡು ಬಂದಿದ್ದ. ಅಕ್ಕನನ್ನು ಮಲಗಿಸಿದ್ದ ವ್ಯಾನಿನ ಹಿಂದೆ ಕಟಪಾಡಿ ದಾಟಿ ಕಾಪುವಿಗೆ ಹೋದೆವು. ಇಂಜಿನ್ ಒಮ್ಮೆಯೂ ಮುಗ್ಗರಿಸಲಿಲ್ಲ. ಅದು ಸರಾಗವಾಗಿ ಓಡಿದಷ್ಟೂ ನನಗೆ ಸಂಕಟವಾಯಿತು.

ಸಂಜೆ ಎಲ್ಲ ಮುಗಿದ ಮೇಲೆ ಬಾಸ್ತಿ ಅಮ್ಮನ ಎದುರು ಬಂದು ನಿಂತ. "ಕಾರು ಹಳತಾಗಿ ನಿಂತದ್ದಲ್ಲ ಅಮ್ಮ. ಪ್ಲಗ್ ನಾನೇ ತಪ್ಪು ಹಾಕಿದ್ದು."

"ಎಷ್ಟು ಹೊತ್ತು ನಿಂತಿದ್ದೆವು?"

"ಮುಕ್ಕಾಲು ಗಂಟೆ."

ಅಮ್ಮ ಒಳಗೆ ಹೋದರು. ಅವನು ಹೊರಟುಹೋದ.

ಮೂರನೆಯ ದಿನ ಊರಿಗೆ ಮರಳಬೇಕಿತ್ತು. ನಾನು ಬಸ್ಸಿನ ಹೊತ್ತು ವಿಚಾರಿಸುತ್ತಿದ್ದಾಗ ಅಮ್ಮ, "ಬಾಸ್ತಿಗೆ ಹೇಳಿ ಕಳಿಸು" ಎಂದರು.

ಅವನು ಬಂದ. ಕಾರ್ಕಳ ಮುಟ್ಟಿದೆವು. ಮನೆಯ ಮುಂದೆ ಇಳಿದ ಅಮ್ಮ ಕಾರಿನ ಬಾಗಿಲು ಹಿಡಿದು ಬಾಸ್ತಿಯ ಕಡೆಗೆ ಬಗ್ಗಿದರು.

"ಊಟ ಮಾಡಿದ್ದೀಯಾ ನೀನು?" ಎಂದು ಕೇಳಿದರು.

ಬಾಸ್ತಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತ.