ಮುಯ್ಯಿಗೆ ಬಂದವಳು

ಬಿಳಿಗೆರೆಯಲ್ಲಿ ಹಾಸಿಗೆ ಹಿಡಿದವರಿದ್ದ ಮೂರು ಮನೆಗಳ ನಾಯಿಗಳೂ ಪವಿತ್ರಾಳನ್ನು ಕಂಡರೆ ಬೊಗಳುತ್ತಿರಲಿಲ್ಲ. ದಿನಾ ಬೆಳಗ್ಗೆ ಅವಳ ಮೊಪೆಡ್ಡು ಮೊದಲು ಶಿವರುದ್ರಮ್ಮನ ಮನೆ ಮುಂದೆ ನಿಲ್ಲುತ್ತಿತ್ತು. ಆ ಹಿರಿಯಾಕೆಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಮಾತಿಲ್ಲ, ನುಂಗಲು ಬಾರದು, ಮೂಗಿಗೆ ಹಾಕಿದ ಪೈಪಿನಲ್ಲೇ ಗಂಜಿ, ಮಜ್ಜಿಗೆ, ಎಳನೀರು. ಅಲ್ಲಿಂದ ಮಾರಯ್ಯನ ಮನೆ. ಅವನು ಕಾಯಿ ಕೀಳಲು ತೆಂಗಿನ ಮರ ಹತ್ತಿ ಬಿದ್ದವನು, ಸೊಂಟದ ಕೆಳಗೆ ಸ್ವಾಧೀನವಿಲ್ಲ, ಉಚ್ಚೆಗೂ ಪೈಪೇ. ಕೊನೆಗೆ ಸದಾಶಿವಯ್ಯ ಮೇಷ್ಟ್ರು. ಅವರಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಯದ ಹುಣ್ಣು.

ಪವಿತ್ರಾ ತಿಪಟೂರಿನಲ್ಲಿ ಒಂದು ವರ್ಷದ ನರ್ಸಿಂಗ್ ತರಬೇತಿ ಮುಗಿಸಿ ಆಸ್ಪತ್ರೆಯೊಂದರಲ್ಲಿ ಆರು ವರ್ಷ ದುಡಿದವಳು. ಮಗಳು ಇಂಪನಾ ಹುಟ್ಟಿದ ಮೇಲೆ ಪಾಳಿಯ ಕೆಲಸ ಒಗ್ಗದೆ ಮನೆ ಮನೆಗೆ ಹೋಗಿ ನೋಡಿಕೊಳ್ಳುವ ಈ ಕೆಲಸ ಹಿಡಿದಿದ್ದಳು. ಕೊರೋನಾ ಎರಡನೇ ಸಲ ಬಂದ ಆ ಏಪ್ರಿಲ್‌ನಲ್ಲಿ ಮಗುವಿಗೆ ನಾಲ್ಕು ವರ್ಷ. ಅಮ್ಮ ಬಂದರೆ ಓಡಿಹೋಗಿ ತಬ್ಬಿಕೊಳ್ಳಬಾರದು, ಹಿತ್ತಲ ತೊಟ್ಟಿಯ ಹತ್ತಿರ ಅವಳ ಸ್ನಾನ ಮುಗಿಯುವ ತನಕ ಟವೆಲ್ ಹಿಡಿದು ಹೊಸಿಲ ಒಳಗೇ ನಿಂತಿರಬೇಕು ಅನ್ನುವುದು ಅದಕ್ಕೆ ಬಾಯಿಪಾಠವಾಗಿತ್ತು.

ಒಂದು ದಿನ ಕಾಲಿಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ ಮೇಷ್ಟ್ರು ಕೇಳಿದರು. “ಪವಿತ್ರಾ, ನಾವೆಲ್ಲ ಬಿದ್ದೋರು. ನಮ್ಮನ್ನ ಎತ್ತೋಕೆ ನೀನಿದೀಯ. ನಾಳೆ ನೀನೇ ಬಿದ್ರೆ?”

“ನಂಗೇನಾಯ್ತದೆ ಸಾರ್, ಗುಂಡುಕಲ್ಲು ಇದ್ದಂಗಿದೀನಿ.”

“ದಂಡಿನಶಿವರದ ಕಡೆ ಒಬ್ಬ ಕಾಂಪೌಂಡರ್ ಇದ್ದನಂತೆ. ಅವನೂ ಹಿಂಗೇ ಅಂತಿದ್ದನಂತೆ,” ಎಂದರು ಮೇಷ್ಟ್ರು. ಆ ಕಾಂಪೌಂಡರ್ ಏನಾದ ಅಂತ ಅವಳು ಕೇಳಲಿಲ್ಲ.

ತೊಟ್ಟಿಯ ಹತ್ತಿರ ತಲೆಗೆ ನೀರು ಹುಯ್ದುಕೊಳ್ಳುವಾಗ ಆ ಮಾತು ಮತ್ತೆ ಬಂತು. ತಾನು ಒಂದು ದಿನ ಹೋಗದಿದ್ದರೆ ಮಾರಯ್ಯ ತಡೆದಾನು, ಮೇಷ್ಟ್ರೂ ಹೇಗೋ ತಡೆದಾರು. ಶಿವರುದ್ರಮ್ಮ ತಡೆಯಲಾರಳು. ದಿನಕ್ಕೆ ಐದು ಸಲ ಪೈಪಿಗೆ ಗಂಜಿ ಬಿಡಬೇಕು, ಬಿಡುವ ಮುಂಚೆ ಪೈಪು ಜಾರಿದೆಯೋ ನೋಡಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇದನ್ನೆಲ್ಲ ಬಲ್ಲವರು ಇಬ್ಬರೇ, ಪವಿತ್ರಾ ಮತ್ತು ಆ ಮನೆ ಸೊಸೆ ಸೌಮ್ಯ. ಸೌಮ್ಯಳ ಗಂಡ ಜ್ಞಾನೇಶ್ ಹಳ್ಳಿ ಹಳ್ಳಿ ತಿರುಗಿ ಕೊಬ್ಬರಿ ಕೊಳ್ಳುವವನು. ಅವನು ಒಂದು ಸಲ ಸೋಂಕು ಹೊತ್ತು ತಂದರೆ ಗಂಡ ಹೆಂಡತಿ ಇಬ್ಬರೂ ಮಲಗುತ್ತಾರೆ. ಆಗ ಆ ಮುದುಕಿಗೆ ಯಾರು?

ಮಾರನೇ ದಿನವೇ ಪವಿತ್ರಾ ಮೂರೂ ಮನೆಯ ಹೆಂಗಸರನ್ನು ಶಿವರುದ್ರಮ್ಮನ ಜಗಲಿಗೆ ಕರೆದು ದೂರ ದೂರ ಕೂರಿಸಿದಳು. ಸೌಮ್ಯ, ಮಾರಯ್ಯನ ಹೆಂಡತಿ ಭೂತಮ್ಮ, ಮೇಷ್ಟ್ರ ಮಗಳು ಟೈಲರಿಂಗ್ ಮಾಡುವ ಸುನಂದಾ.

“ನೋಡ್ರಮ್ಮ, ಒಂದೊಂದು ಮನೆ ಕೆಲಸಾನ ಇನ್ನೊಂದು ಮನೆಯೋರೂ ಕಲೀಬೇಕು. ಯಾರು ಮಲಗಿದ್ರೂ ಇನ್ನೊಬ್ರು ಹೋಗಿ ನಿಲ್ಲೋಹಂಗಿರ್ಬೇಕು.”

ಸೌಮ್ಯ ಮಾಸ್ಕಿನ ಒಳಗೇ ನಕ್ಕಳು. “ಅಂದ್ರೆ ನಾನು ಮಾರಯ್ಯನ ಪೈಪು ನೋಡ್ಬೇಕಾ?”

“ನೀವ್ ನಾಚ್ಕೊಳೋದಲ್ಲ ಸೌಮ್ಯಮ್ಮ, ಆವಯ್ಯ ನಾಚ್ಕೊಂಡು ದುಪ್ಟಿ ಎಳ್ಕೊಂಬುಡ್ತಾನೆ,” ಎಂದಳು ಭೂತಮ್ಮ. “ನನ್ ಮುಂದೇನೆ ಅಂಗ್ ಮಾಡ್ತಾನೆ, ಇಪ್ಪತ್ತೈದು ವರ್ಸ ಆತು ಮದ್ವೆ ಆಗಿ.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಭೂತಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು. “ನಾನು ಈ ಮನೆ ಒಳೀಕ್ ಬರ್ಬೈದಾ? ಗಂಜಿ ಅಂದ್ಮೇಲೆ ಒಲೆ ತಾವ್ಕೂ ಹೋಗ್ಬೇಕಾಯ್ತದೆ.”

ಸೌಮ್ಯ ಒಳಗಿನ ಕೋಣೆಯ ಕಡೆ ನೋಡಿದಳು. ಅತ್ತೆಯ ಕೊರಳಲ್ಲಿ ಲಿಂಗದ ಕರಡಿಗೆ ಇತ್ತು. ಮೈಯಲ್ಲಿ ಶಕ್ತಿ ಇದ್ದಾಗ ಅತ್ತೆ ಭೂತಮ್ಮನನ್ನು ಕೊಟ್ಟಿಗೆಯ ಬಾಗಿಲಿಂದ ಈಚೆಗೆ ಬಿಟ್ಟವಳಲ್ಲ. “ಬಾ ಭೂತಮ್ಮ,” ಎಂದಳು ಸೌಮ್ಯ. ತುಸು ತಡವಾಗಿಯೇ ಅಂದಳು, ಆದರೆ ಅಂದಳು.

“ಮುಯ್ಯಿ ಅಂದ್ಕೊಳ್ರಿ,” ಎಂದಳು ಪವಿತ್ರಾ. ಆ ಮಾತು ಸಿಕ್ಕಿದ್ದಕ್ಕೆ ಅವಳಿಗೇ ಸಂತೋಷವಾಯಿತು. ಈ ಸೀಮೆಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೊಬ್ಬರಿ ಬಿಚ್ಚುವ ಕಾಲಕ್ಕೆ ಇವತ್ತು ನಮ್ಮ ಮನೆ ಅಟ್ಟದಲ್ಲಿ ಒಣಗಿದ ಕಾಯಿ ಸುಲಿಯಲು ನೀವು ಬಂದರೆ, ನಿಮ್ಮ ಮನೆ ಕಾಯಿಗೆ ನಾವು ಬರುತ್ತೇವೆ. ಎಷ್ಟು ದಿನ ಬಂದಿರೋ ಅಷ್ಟು ದಿನ. ಮುಯ್ಯಿ ತಪ್ಪಿಸಿದವಳಿಗೆ ಬೀದಿಯಲ್ಲಿ ತಲೆ ಎತ್ತಲಾಗುವುದಿಲ್ಲ.

ಪವಿತ್ರಾ ಒಂದು ಹಾಳೆಯಲ್ಲಿ ಯಾರು ಮಲಗಿದರೆ ಯಾರು ಎಂದು ಬರೆದು ಮೂರು ಮನೆಯ ಗೋಡೆಗೂ ಅಂಟಿಸಿದಳು. ಮನೆಗೊಂದು ಥರ್ಮಾಮೀಟರ್ ಕೊಟ್ಟಳು. ಹದಿನೈದು ದಿನ ಎಲ್ಲರೂ ಒಬ್ಬರ ಮನೆಯ ಕೆಲಸ ಒಬ್ಬರು ಕಲಿತರು. ಭೂತಮ್ಮನ ಕೈ ಎಲ್ಲರಿಗಿಂತ ಹದವಾಗಿತ್ತು. ಕಾಯಿ ಸುಲಿದು ಕರಟಕ್ಕೆ ತಾಗದಂತೆ ಉಂಡೆ ಕೊಬ್ಬರಿ ತೆಗೆಯುವ ಕೈ ಅದು. ಅವಳ ಮೂಗಂತೂ ಊರಿಗೇ ಗೊತ್ತು. ಅಟ್ಟದಲ್ಲಿ ಸಾವಿರ ಕಾಯಿ ಇದ್ದು ಒಂದು ಕೊಳೆತಿದ್ದರೂ ಕೆಳಗೆ ನಿಂತೇ, “ಆ ಮೂಲೇಲಿ ಐತೆ ನೋಡ್ರಿ,” ಅನ್ನುವಳು.

ಮೇ ಮೊದಲ ವಾರ ದಂಡಿನಶಿವರದಲ್ಲಿ ಭೂತಮ್ಮನ ಅಣ್ಣ ತೀರಿಕೊಂಡ. ಏನಾಗಿತ್ತು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಾಲುತುಪ್ಪದ ಶಾಸ್ತ್ರ ಮುಗಿಯುವ ತನಕ ಅವಳು ಎರಡು ದಿನ ಅಲ್ಲೇ ನಿಂತಳು. ಹಾಳೆಯಲ್ಲಿದ್ದ ಹಾಗೆ ಸೌಮ್ಯ ಮಾರಯ್ಯನ ಮನೆಗೆ ಹೋದಳು. ಉಚ್ಚೆಯ ಚೀಲ ಬರಿದು ಮಾಡಿದಳು, ಬೆನ್ನು ಒರೆಸಿದಳು. ಶಿವರುದ್ರಮ್ಮನ ಮನೆಯ ಸೊಸೆ ಮರ ಹತ್ತುವವನ ಗುಡಿಸಲಿಗೆ ಬಂದು ಹೀಗೆ ಮಾಡಿದ್ದನ್ನು ಬೀದಿಯೆಲ್ಲ ನೋಡಿತು. ವಾಪಸು ಬಂದ ಭೂತಮ್ಮನಿಗೆ ನಲ್ಲಿಯ ಹತ್ತಿರ ಹತ್ತು ಜನ ಹೇಳಿದರು. “ನಿನ್ ಋಣ ದೊಡ್ದಾತು ಕಣೇ.”

ಭೂತಮ್ಮ ವಾಪಸು ಬಂದ ನಾಲ್ಕನೇ ದಿನಕ್ಕೆ ಜ್ಞಾನೇಶ್‌ಗೆ ಜ್ವರ ಬಂತು, ಅದರ ಮಾರನೇ ದಿನ ಸೌಮ್ಯಳಿಗೆ. ಆಶಾ ಕಾರ್ಯಕರ್ತೆ ಬಂದು ಮೂಗಿಗೆ ಕಡ್ಡಿ ಹಾಕಿ ನೋಡಿದಳು. ಇಬ್ಬರಿಗೂ ಇತ್ತು, ಶಿವರುದ್ರಮ್ಮನಿಗೆ ಇರಲಿಲ್ಲ. ಗಂಡ ಹೆಂಡತಿ ಮಹಡಿ ಸೇರಿ ಬಾಗಿಲು ಹಾಕಿಕೊಂಡರು. ಕೆಳಗೆ ಹಾಸಿಗೆಯ ಮೇಲೆ ಮುದುಕಿ ಒಬ್ಬಳೇ.

ಪವಿತ್ರಾ ಫೋನು ಮಾಡುವ ಮುಂಚೆಯೇ ಭೂತಮ್ಮ ಬಂದು ಜಗಲಿಯಲ್ಲಿ ನಿಂತಿದ್ದಳು. ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು ಬಂದಿದ್ದಳು. ಪವಿತ್ರಾ ಥರ್ಮಾಮೀಟರ್ ಇಟ್ಟು ನೋಡಿದಳು. ತೊಂಬತ್ತೆಂಟು.

“ನಿಮ್ಮಣ್ಣನ ಮನೇಲಿ ಯಾರ್ಗಾದ್ರೂ ಜ್ವರ ಇತ್ತಾ?”

“ಅಳೋರ್ ಮೈ ಯಾರ್ ಮುಟ್ಟಿ ನೋಡ್ತಾರವ್ವ? ನಾನ್ ಚೆನ್ನಾಗಿವ್ನಿ, ನೀನ್ ನಡಿ.”

ಆ ದಿನ ಎಲ್ಲ ಸರಿಯಾಗಿ ಹೋಯಿತು. ದಿಂಬು ಎತ್ತರಿಸಿ, ತೊಟ್ಟಿಕ್ಕಿದ ಹಾಗೆ ಗಂಜಿ ಬಿಟ್ಟು, ಬಾಯಿ ಒರೆಸಿ, “ಉಂಡ್ರಾ ಅಮ್ಮಾರೆ? ನಾನ್ ಒಲೆ ಮುಟ್ಟುದ್ನಲ್ಲ, ಬೈಕಳಿ, ಬೈಕಳಿ,” ಎಂದು ಭೂತಮ್ಮ ನಗಿಸಲು ನೋಡುತ್ತಿದ್ದಳು. ಶಿವರುದ್ರಮ್ಮ ಕಣ್ಣು ಮಾತ್ರ ಹೊರಳಿಸುತ್ತಿದ್ದಳು.

ಎರಡನೇ ದಿನ ಹನ್ನೊಂದು ಗಂಟೆಗೆ ಪವಿತ್ರಾ ಹೊಸಿಲು ದಾಟುತ್ತಿದ್ದಂತೆ ಗಪ್ಪೆಂದು ನಾತ ಬಡಿಯಿತು. ಎರಡು ಮಾಸ್ಕು ಹಾಕಿದ್ದರೂ ಮೂಗು ಮುಚ್ಚಿಕೊಂಡಳು. ಅಟ್ಟದಲ್ಲಿ ಕಾಯಿಯೊಂದು ಕೊಳೆತು ಒಡೆದು, ಹಲಗೆಯ ಸಂದಿಯಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಹರಡಿತ್ತು. ಅದರಿಂದ ಎರಡು ಮಾರು ದೂರದಲ್ಲಿ, ಶಿವರುದ್ರಮ್ಮನ ಮುಖದ ಮೇಲೆ ಬಗ್ಗಿ, ಭೂತಮ್ಮ ನೆಮ್ಮದಿಯಾಗಿ ಮಜ್ಜಿಗೆ ಬಿಡುತ್ತಿದ್ದಳು.

ಪವಿತ್ರಾ ಮೇಲಿನ ಅಟ್ಟವನ್ನು ನೋಡಿದಳು, ಭೂತಮ್ಮನ ಮೂಗನ್ನು ನೋಡಿದಳು.

“ಭೂತಮ್ಮ, ಏನಾದ್ರೂ ವಾಸ್ನೆ ಬರ್ತಿದ್ಯಾ?”

“ಏನ್ ವಾಸ್ನೆ?”

“ಈಚೆಗ್ ಬಾ.”

“ಒಂದ್ ಲೋಟ ಬಾಕಿ ಐತೆ, ಬುಟ್ಟು ಬತ್ತೀನಿ.”

“ಅಲ್ಲೇ ಇಟ್ಟು ಬಾ ಅಂದ್ನಲ್ಲ!” ಪವಿತ್ರಾಳ ಕೂಗಿಗೆ ಮಹಡಿಯ ಮೇಲೆ ಕೆಮ್ಮು ನಿಂತಿತು.

ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ ಕೇಳಿದ ಮೇಲೆ ಒಂದೊಂದೇ ಹೊರಬಿತ್ತು. ಮೊನ್ನೆಯಿಂದ ಮೈ ಕೈ ನೋವು. ನಿನ್ನೆ ಬೆಳಗಿನ ಜಾವ ಜ್ವರ. ಜ್ವರದ ಮಾತ್ರೆ ನುಂಗಿ, ಮೈ ತಣ್ಣಗಾದ ಮೇಲೆ ತಲೆಗೆ ಎರೆದುಕೊಂಡು ಬಂದಿದ್ದಳು. ಇವತ್ತೂ ಹಾಗೆಯೇ.

“ಯಾಕೆ ಹೇಳ್ಲಿಲ್ಲ?”

“ಮುಯ್ಯಿ ಅಂದ್ಯಲ್ಲವ್ವ ನೀನು! ಆವಮ್ಮ ನನ್ ಗಂಡನ್ ಹೇಲು ಉಚ್ಚೆ ಬಾಚವ್ಳೆ. ನಾನು ಒಂದ್ ಮೈನೋವು ಅಂತ ತಪ್ಸುದ್ರೆ, ‘ನೋಡುದ್ರಾ, ಒಳೀಕ್ ಬುಟ್ಕಂಡ್ರೂ ಇವ್ರ ಬುದ್ದಿ ಇಷ್ಟೇ’ ಅನ್ನಾಕಿಲ್ವಾ? ಮೈ ಹುಷಾರಿಲ್ದೇ ಇದ್ರೂ ಮುಯ್ಯಿಗೆ ಹೋಗಿಲ್ವಾ ನಾವು? ಎಷ್ಟ್ ದಪ ಹೋಗಿಲ್ಲ!”

ಪವಿತ್ರಾ ಗೋಡೆಯ ಮೇಲಿನ ಹಾಳೆಯ ಕಡೆ ನೋಡಿದಳು. ಹಾಳೆಯ ತುಂಬ ಯಾರು ಹೋಗಬೇಕು ಎಂದು ಬರೆದಿದ್ದಳು. ಯಾರು ಹೋಗಬಾರದು ಎಂದು ಒಂದು ಗೆರೆಯೂ ಬರೆದಿರಲಿಲ್ಲ.

ಅವಳು ಅಲ್ಲಿಂದಲೇ ಗಂಡ ದಯಾನಂದನಿಗೆ ಫೋನು ಮಾಡಿದಳು. ಗೂಡ್ಸ್ ಆಟೋ ಓಡಿಸುವ ಅವನು ಲಾಕ್‌ಡೌನಿನಿಂದ ಮನೆಯಲ್ಲೇ ಇದ್ದ. “ರೀ, ನಾನು ಇಲ್ಲೇ ಉಳ್ಕೋತೀನಿ. ಎಷ್ಟು ದಿನ ಗೊತ್ತಿಲ್ಲ.”

“ತಲೆ ಕೆಟ್ಟಿದ್ಯೇನೇ? ಮಗು ಕೇಳುದ್ರೆ ಏನಂತ ಹೇಳ್ಲಿ?”

“ಅಜ್ಜಿಗೆ ಊಟ ಮಾಡ್ಸೋಕೆ ಹೋಗವ್ಳೆ ಅನ್ನಿ. ಕೂದ್ಲಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ಒಂದೇ ಹಾಕಿದ್ರೆ ಅಳ್ತಾಳೆ. ಹಾಲಿಗೆ ಸಕ್ರೆ ಕಮ್ಮಿ.” ಅಷ್ಟು ಹೇಳಿ ಫೋನು ಇಟ್ಟು, ಸೋಂಕು ತಾಗದಿರಲೆಂದು ಮಳೆ ಕೋಟು ತೊಟ್ಟು ಒಳಗೆ ಹೋದಳು. ಕೊಳೆತ ಕಾಯಿ ತೆಗೆಸಲು ಯಾರನ್ನೂ ಕರೆಯುವಂತಿರಲಿಲ್ಲ. ಏಣಿ ಹತ್ತಿ ತಾನೇ ತೆಗೆದಳು.

ಭೂತಮ್ಮನಿಗೂ ಇತ್ತು. ಎರಡು ದಿನದಲ್ಲಿ ಮಾರಯ್ಯನಿಗೂ ಜ್ವರ ಏರಿತು. ಗಂಡನ ಪಕ್ಕದಲ್ಲೇ ಚಾಪೆ ಹಾಸಿಕೊಂಡು, ತಾನೂ ಕೆಮ್ಮುತ್ತ ಅವನನ್ನು ಅವಳೇ ನೋಡಿಕೊಂಡಳು. ಮೇಷ್ಟ್ರಿಗೆ ಸುನಂದಾ ತಾನೇ ಇನ್ಸುಲಿನ್ ಸೂಜಿ ಹಾಕತೊಡಗಿದಳು. ಪವಿತ್ರಾ ಮಹಡಿ ಮೆಟ್ಟಿಲ ಮೇಲೆ ಊಟ ಇಟ್ಟು, ಕೆಳಗೆ ಶಿವರುದ್ರಮ್ಮನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಗಂಟೆಗೊಮ್ಮೆ ನೋಡುತ್ತಿದ್ದಳು. ತೊಂಬತ್ತೇಳು. ತೊಂಬತ್ತೇಳು. ತೊಂಬತ್ತಾರು. ಮೂರು ದಿನ ಹೀಗೇ ಹೋಯಿತು. “ಅತ್ತೆ ಹೇಗಿದಾರೆ?” ಎಂದು ಸೌಮ್ಯ ಮೇಲಿಂದ ಕೂಗುವಳು. “ಗಂಜಿ ಆಯ್ತು,” ಎಂದು ಪವಿತ್ರಾ ಕೂಗುವಳು.

ನಾಲ್ಕನೇ ದಿನ ಮಧ್ಯಾಹ್ನ ಮಗ್ಗುಲು ಬದಲಿಸಲು ತೋಳಿನ ಕೆಳಗೆ ಕೈ ಹಾಕಿದರೆ ಮೈ ಕಾದ ಹೆಂಚು. ಆರನೇ ದಿನಕ್ಕೆ ಆಕ್ಸಿಜನ್ ತೊಂಬತ್ತು, ಆಮೇಲೆ ಎಂಬತ್ತಾರು. ಜ್ಞಾನೇಶ್ ಮಹಡಿಯಿಂದ ಊರೂರಿಗೆ ಫೋನು ಹಚ್ಚಿದ. ಎಲ್ಲಿಯೂ ಹಾಸಿಗೆ ಇರಲಿಲ್ಲ. ಏಳನೇ ದಿನ ಬೆಳಗ್ಗೆ ಶಿವರುದ್ರಮ್ಮ ಒಮ್ಮೆ ಪವಿತ್ರಾಳನ್ನು ನೋಡಿ ಕಣ್ಣು ಹೊರಳಿಸಿದಳು. ಗಂಜಿ ತಣಿಸಿ ತರುವಷ್ಟರಲ್ಲಿ ಉಸಿರು ನಿಂತಿತ್ತು. ಕೂರಿಸಿ ಮಣ್ಣು ಮಾಡುವ ಕುಲದ ಹೆಣ್ಣನ್ನು ಪ್ಲಾಸ್ಟಿಕ್ ಸುತ್ತಿ ಮಲಗಿಸಿಕೊಂಡೇ ಒಯ್ದರು. ಮಗ ಸೊಸೆ ಮಹಡಿಯ ಕಿಟಕಿಯಿಂದ ನೋಡಿದರು.

ಪವಿತ್ರಾಳ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಆದರೂ ನಾಲ್ಕು ದಿನ ಮಗಳನ್ನು ಮುಟ್ಟದೆ ಹಿತ್ತಲ ಕೋಣೆಯಲ್ಲಿದ್ದು, ಐದನೇ ದಿನ ಭೂತಮ್ಮನ ಮನೆಗೆ ಹೋದಳು. ಬೇಲಿಯ ಆಚೆಯೇ ನಿಂತಳು. ಮಾರಯ್ಯನ ಜ್ವರ ಇಳಿದಿತ್ತು. ಭೂತಮ್ಮ ಬಾಗಿಲಲ್ಲಿ ಕೂತಿದ್ದಳು. ಮುಖ ಅರ್ಧವಾಗಿತ್ತು.

“ಹೇಳ್ಬುಡು ಪವಿತ್ರವ್ವ. ನನ್ನಿಂದ್ಲೇ ಹೋದ್ರಾ ಅಮ್ಮಾರು?”

“ಗೊತ್ತಿಲ್ಲ ಭೂತಮ್ಮ. ಮಗನಿಂದ್ಲೂ ಇರ್ಬೋದು, ಸೊಸೆಯಿಂದ್ಲೂ ಇರ್ಬೋದು. ಯಾರ್ಗೂ ಗೊತ್ತಾಗಲ್ಲ.”

“ನನ್ನಿಂದ್ಲೂ ಇರ್ಬೋದು.”

ಪವಿತ್ರಾ ಸುಳ್ಳು ಹೇಳಲಿಲ್ಲ. “ಇರ್ಬೋದು. ಮುಯ್ಯಿ ಅಂತ ನಿಮ್ಮ ತಲೇಲಿ ತುಂಬಿದೋಳು ನಾನು. ಅದ್ರಲ್ಲಿ ನಂದೂ ಪಾಲೈತೆ.”

ಆಮೇಲೆ ಪವಿತ್ರಾ ಬ್ಯಾಗಿನಿಂದ ಹೊಸ ಹಾಳೆ ತೆಗೆದು ಬೇಲಿಗೆ ಸಿಕ್ಕಿಸಿದಳು. ಅಂಥದೇ ಒಂದನ್ನು ಬರುವಾಗ ಮೇಷ್ಟ್ರ ಮನೆ ಬಾಗಿಲಿಗೂ ಸಿಕ್ಕಿಸಿದ್ದಳು. ಭೂತಮ್ಮನಿಗೆ ಓದಿಯೂ ಹೇಳಿದಳು. ಮೈ ಬಿಸಿಯಾದವರು ಮನೆಯಲ್ಲಿ ಕೂತ ದಿನವೂ ಮುಯ್ಯಿಗೆ ಹೋದ ದಿನವೇ. ಮುಚ್ಚಿಟ್ಟು ಬಂದ ದಿನ ಲೆಕ್ಕಕ್ಕಿಲ್ಲ.

“ಇದುನ್ನ ಜನ ಒಪ್ತಾರಾ?” ಎಂದಳು ಭೂತಮ್ಮ.

ಅಷ್ಟರಲ್ಲಿ ಪವಿತ್ರಾಳ ಫೋನು ಬಡಿಯಿತು. ಸುನಂದಾ. “ಅಕ್ಕಾ, ಬೆಳಗ್ಗಿಂದ ನಂಗೆ ಚಳಿ ಜ್ವರ. ನೀವು ಬಾಗಿಲಿಗೆ ಸಿಕ್ಸಿದ ಚೀಟಿ ನೋಡ್ದೆ, ಮುಚ್ಚಿಡ್ಬಾರ್ದು ಅನ್ನಿಸ್ತು. ಅಪ್ಪನ ಹತ್ರ ಹೋಗಿಲ್ಲ. ಸೂಜಿ ಹೊತ್ತು ಮೀರ್ತಾ ಇದೆ. ಬಾಗಿಲಾಚೆಯಿಂದ ನನ್ನೇ ಕರೀತಿದಾರೆ.”

“ಒಳ್ಳೇದ್ ಮಾಡ್ದೆ ಕಣೇ ಹೇಳಿ,” ಎಂದಳು ಪವಿತ್ರಾ. ಸೌಮ್ಯ ಇನ್ನೂ ಎದ್ದಿರಲಿಲ್ಲ, ಕೆಮ್ಮು ಇನ್ನೂ ನಿಲ್ಲದ ಭೂತಮ್ಮನನ್ನು ಕಳಿಸುವಂತಿರಲಿಲ್ಲ. ಹಾಳೆಯಲ್ಲಿ ಆ ಮನೆಯ ಮುಂದೆ ಬರೆಯಲು ಒಂದೇ ಹೆಸರು ಉಳಿದಿತ್ತು.

ಭೂತಮ್ಮ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. “ನನ್ಗೀಗ ಜ್ವರ ಇಲ್ಲ ಕಣವ್ವ. ನಾನು...”

“ಕೂತ್ಕೋ,” ಎಂದಳು ಪವಿತ್ರಾ. “ನೀನು ಕೂತ್ಕೊಂಡ್ರೇನೆ ನಂಗೆ ಸಹಾಯ.”

ಭೂತಮ್ಮ ಕೂತಳು. ಪವಿತ್ರಾ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಏರಿಸಿ, ದಯಾನಂದನಿಗೆ ಇವತ್ತು ಮನೆಗೆ ಬರುವುದಿಲ್ಲ ಎಂದು ಹೇಳಿ, ಅವನು ಮಗುವಿನ ಕೈಗೆ ಫೋನು ಕೊಡುವ ಮುಂಚೆಯೇ ಕಟ್ ಮಾಡಿ, ಮೇಷ್ಟ್ರ ಮನೆಯ ಕಡೆ ಮೊಪೆಡ್ ತಿರುಗಿಸಿದಳು.