ತೋಮಾಸಾ ಸುಟ್ಟ ಮನೆ

ತೋಮಾಸಾ ತೊಲಾಬಾ ತನ್ನ ಮನೆಗೆ ತಾನೇ ಬೆಂಕಿ ಇಟ್ಟ ದಿನ ಹುಹುಯ್ ಊರಿನಲ್ಲಿ ಅವಳನ್ನು ಯಾರೂ ತಡೆಯಲಿಲ್ಲ. ಎಲ್ಲರೂ ಅದೇ ಕೆಲಸದಲ್ಲಿದ್ದರು. ಉತ್ತರದ ಬೆಟ್ಟಗಳಿಂದ ಸ್ಪೇನಿನ ದೊರೆಯ ಸೈನ್ಯ ಇಳಿದು ಬರುತ್ತಿತ್ತು. ದೊರೆಯ ಆಳ್ವಿಕೆ ಬೇಡವೆಂದು ಎದ್ದವರ ದಂಡನಾಯಕ ಡಂಗುರ ಹೊಡೆಸಿದ್ದ: ಹೊರಲು ಆಗುವುದನ್ನೆಲ್ಲ ಹೊತ್ತು ದಕ್ಷಿಣಕ್ಕೆ, ತುಕುಮಾನ್ ಕಡೆಗೆ ನಡೆಯಿರಿ, ಉಳಿದದ್ದನ್ನು ಸುಡಿ, ವೈರಿಗೆ ಹಿಡಿ ಕಾಳೂ ಸಿಗಕೂಡದು.

ತೋಮಾಸಾ ಬ್ರೆಡ್ಡು ಸುಟ್ಟು ಮಾರುವವಳು. ಗಂಡ ಬೆನಿತೊ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವವನು. ಎರಡು ವರ್ಷದ ಹಿಂದೆ, ದೊರೆಗೆ ಎದುರಾಗಿ ಎದ್ದ ನಾಡಿನ ದಂಡು ಅವನನ್ನೂ ಅವನ ಹೇಸರಗತ್ತೆಗಳನ್ನೂ ಉತ್ತರದ ಪೊಟೊಸಿ ಕಡೆಗೆ ಕರೆದೊಯ್ದಿತ್ತು. ಅಲ್ಲಿಂದಲೂ ಮೇಲೆ, ಬೆಟ್ಟಗಳ ನಡುವಿನ ಸರೋವರವೊಂದರ ದಡದಲ್ಲಿ ಆ ದಂಡು ಸೋತು ಚೆಲ್ಲಾಪಿಲ್ಲಿಯಾಯಿತು. ಬದುಕಿದವರು ಚಿಂದಿ ಉಟ್ಟು ಮರಳಿದರು. ಬೆನಿತೊ ಬರಲಿಲ್ಲ. ಅವನು ಸತ್ತದ್ದನ್ನು ಕಂಡವರೂ ಇರಲಿಲ್ಲ. ಹಾಗಾಗಿ ಅತ್ತೆ, ಸೊಸೆ ಇಬ್ಬರೂ ಅವನನ್ನು ಬದುಕಿದವರ ಸಾಲಿನಲ್ಲೇ ಇಟ್ಟಿದ್ದರು. ಅವನ ಕಂಬಳಿಗೆ ಹುಳ ಬೀಳದಂತೆ ತೋಮಾಸಾ ಆಗಾಗ ಬಿಸಿಲು ತೋರಿಸುತ್ತಿದ್ದಳು. ಒಳಗೆ ತರುವಾಗ ಅದರಲ್ಲಿ ಮುಖವಿಟ್ಟು ತುಸು ಹೊತ್ತು ನಿಲ್ಲುತ್ತಿದ್ದಳು.

ಅವಳು ಕೊಳ್ಳಿ ಹಿಡಿದು ಬಂದಾಗ ಅತ್ತೆ ಕಸಿಲ್ದಾ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಾನು ಬರಲ್ಲ. ನನ್ನ ಮಗ ಬಂದ್ರೆ ಬಾಗಿಲು ತೆಗೆಯೋರು ಯಾರೇ?"

"ಬಾಗಿಲೇ ಇರಲ್ಲ ಅತ್ತೆ. ಏಳಿ."

"ನಿಂಗೆ ಅವನು ಬರೋದು ಬೇಡ. ಅದಕ್ಕೇ ಕೊಳ್ಳಿ ಹಿಡ್ಕೊಂಡು ಓಡಾಡ್ತಿದೀಯ!"

ತೋಮಾಸಾ ಕೊಳ್ಳಿಯನ್ನು ನೆಲಕ್ಕಿಟ್ಟಳು. ಅವಳೂ ಅತ್ತೆಯ ಪಕ್ಕದಲ್ಲಿ ಕುಸಿದು ಕೂತಳು. ಆಗ ಗೋಡೆಯಾಚೆಯಿಂದ ಉರ್ಸುಲಾಳ ದನಿ ಬಂತು. ಕಾಲು ಬಾತು ಹಾಸಿಗೆ ಹಿಡಿದಿದ್ದ ಅಗಸಗಿತ್ತಿ ಅವಳು. ಅವಳನ್ನು ಹೊರಲಾರದೆ, ಕಂಡೂ ಕಾಣದವರಂತೆ ಎಲ್ಲರೂ ಬಿಟ್ಟುಬಿಟ್ಟಿದ್ದರು.

"ಏ ಕಸಿಲ್ದಾ! ನಾನಂತೂ ಎಲ್ಲಿಗೂ ಹೋಗೋಳಲ್ಲ. ನಿನ್ನ ಮಗ ಬಂದ್ರೆ ನಾನು ಹೇಳ್ತೀನಿ, ಹೀಗ್ಹೀಗೆ, ತುಕುಮಾನಿಗೆ ಹೋದ್ರು ಅಂತ. ಹೋಗ್ರೇ, ನನ್ನ ಸೂರಿಗೆ ಮಾತ್ರ ಕಿಡಿ ಹಾರಿಸಬೇಡಿ, ನಾನು ಹಾಗೇ ಸುಟ್ಟ ಬದನೇಕಾಯಿ ಆಗಿಬಿಟ್ಟೇನು!"

ಮುದುಕಿಗೆ ನಗು ಬಂತು, ಅದರ ಹಿಂದೆಯೇ ಅಳು. ಅವಳು ಎದ್ದಳು. ತೋಮಾಸಾ ಕಣಜದ ಜೋಳಕ್ಕೆ, ಹುಲ್ಲಿನ ಮಾಡಿಗೆ ಕೊಳ್ಳಿ ಮುಟ್ಟಿಸಿದಳು.

ದಾರಿಯುದ್ದಕ್ಕೂ ಧೂಳು, ದನಗಳ ಕೂಗು, ಹಿಂದೆ ಹೊಗೆ. ಹಲವು ದಿನ ನಡೆದು, ಪಿಯೆದ್ರಾಸ್ ಹೊಳೆ ದಾಟಿ ಬಹಳ ದೂರ ಹೋಗಿರಲಿಲ್ಲ, ಹಿಂದುಗಡೆ ಗುಂಡಿನ ಸದ್ದು ಕೇಳಿಸಿತು. ನಮ್ಮ ಹಿಂಗಾವಲಿನವರು ವೈರಿಯ ಮುಂಪಡೆಯನ್ನು ಹೊಳೆಯ ಬಳಿ ತಡೆದಿದ್ದಾರೆಂದು ಯಾರೋ ಹೇಳಿದರು. ತೋಮಾಸಾ ಅತ್ತೆ ಕೂತಿದ್ದ ಕತ್ತೆಯನ್ನು ಇನ್ನಷ್ಟು ಜೋರಾಗಿ ಅಟ್ಟಿದಳು.

ತುಕುಮಾನಿನಲ್ಲಿ ನಾಡಿನ ದಂಡಿಗೆ ಗೆಲುವಾಯಿತು. ಕಾದಾಡುವವರಿಗೆ ನೀರು ಹೊತ್ತ ಹೆಂಗಸರಲ್ಲಿ ಅವಳೂ ಇದ್ದಳು. ಬೇಸಿಗೆಯ ಕೊನೆಗೆ ಸಾಲ್ತಾದಲ್ಲೂ ಗೆದ್ದ ಮೇಲೆ ಜನ ಮನೆ ಕಡೆಗೆ ತಿರುಗಿದರು. ಮನೆ ಎಂದರೆ ನಾಲ್ಕು ಕರಿ ಗೋಡೆ. ಮೂಟೆ ಇಳಿಸುವ ಮೊದಲೇ ತೋಮಾಸಾ ಉರ್ಸುಲಾಳ ಗುಡಿಸಲಿಗೆ ಓಡಿದಳು.

ಉರ್ಸುಲಾ ಅವಳನ್ನು ನೋಡಿ, ಮೊದಲು ಬಾಗಿಲ ಕಡೆ ಕೈ ತೋರಿಸಿದಳು, ಮುಚ್ಚು ಎಂಬಂತೆ.

"ಬಂದಿದ್ದ ಕಣೇ."

"ಯಾರು?"

"ಯಾರು ಅಂತ ಕೇಳ್ತೀಯಲ್ಲ! ನಿನ್ನ ಗಂಡ. ದೊರೆ ಸಿಪಾಯಿಗಳ ಅಂಗಿ ತೊಟ್ಕೊಂಡು. ಆ ಸರೋವರದ ಹತ್ರ ಸೆರೆ ಸಿಕ್ಕಿದ್ನಂತೆ, ಕೋವಿ ಹಿಡೀತೀಯೋ ಸಾಯ್ತೀಯೋ ಅಂದ್ರಂತೆ. ಅವರ ಜೊತೆಗೇ ಊರಿಗೆ ಬಂದ."

ತೋಮಾಸಾ ಆಗ ಬಾಗಿಲು ಮುಚ್ಚಿ ಬಂದು ಅವಳ ಹಾಸಿಗೆಯ ಪಕ್ಕ ಕೂತಳು.

"ನಿಮ್ಮ ಅಂಗಳದಲ್ಲಿ ಬಾಳಾ ಹೊತ್ತು ನಿಂತಿದ್ದ. ಆಮೇಲೆ ಇಲ್ಲಿಗೆ ಬಂದು, 'ಉರ್ಸುಲಮ್ಮಾ, ಯಾರು ಸುಟ್ಟಿದ್ದು?' ಅಂದ. 'ನಿನ್ನ ಹೆಂಡ್ತಿನೇ' ಅಂದೆ. ನಕ್ಕ. 'ಅವಳು ಮಾಡಿದ್ರೆ ಚೊಕ್ಕವಾಗಿ ಮಾಡ್ತಾಳೆ' ಅಂದ. ನೀವು ಹೋದ ದಾರಿ ಹೇಳಿದೆ. 'ಸಂದು ಸಿಕ್ಕ ಕಡೆ ತಪ್ಪಿಸ್ಕೊಂಡು ಅವರನ್ನ ಸೇರ್ಕೋತೀನಿ' ಅಂದ. ನಾನು ಹೇಳಬಾರದಿತ್ತೇನೇ?"

"ಹೇಳಿದ್ದು ಒಳ್ಳೇದಾಯ್ತು," ಎಂದಳು ತೋಮಾಸಾ.

ಅತ್ತೆಗೆ ಏನೂ ಹೇಳದೆ ಅವಳು ಮರುದಿನವೇ ಬಂದ ದಾರಿಯಲ್ಲಿ ಹಿಂದಕ್ಕೆ ಹೊರಟಳು. ಹಟ್ಟಿ ಹಟ್ಟಿಯಲ್ಲೂ ಕೇಳಿದಳು: ಎತ್ತರದ ಆಳು, ಎಡಗಿವಿಯ ತುದಿ ಹರಿದಿದೆ, ಕಂಡಿರಾ? ಪಿಯೆದ್ರಾಸ್ ಹೊಳೆಯ ದಂಡೆಯಲ್ಲಿ ಮೇಕೆ ಮೇಯಿಸುವ ಮುದುಕ ಎವಾರಿಸ್ತೊ, ಬಾಯಲ್ಲಿದ್ದ ಕೋಕಾ ಎಲೆಯನ್ನು ಉಗಿದು ಟೋಪಿ ತೆಗೆದ.

"ಕಿವಿ ಹರಿದೋನು... ಹೌದು ತಾಯಿ. ಕಾದಾಟ ನಡೀತಿದ್ದಾಗ ಕೋವಿ ಬಿಸಾಕಿ, ಎರಡೂ ಕೈ ಮೇಲೆತ್ಕೊಂಡು ಹೊಳೆಗೆ ಇಳಿದ. ಈ ಕಡೆಗೇ ಬರ್ತಿದ್ದ. ಎರಡೂ ಕಡೆಯಿಂದ ಗುಂಡು ಹಾರ್ತಿತ್ತು, ಯಾರದ್ದು ತಗುಲ್ತೋ ದೇವರಿಗೇ ಗೊತ್ತು. ಒಂದು ಹೆಂಗಸಿನ ಹೆಸರು ಕೂಗ್ತಿದ್ದ."

"ಏನಂತ?"

"ನೀರಿನ ಸದ್ದು ತಾಯಿ, ನನ್ನ ಕಿವೀನೂ ಮಂದ. ಕೇಳಿಸ್ತು ಅಂತ ಸುಳ್ಳು ಹೇಳಲಾರೆ."

ಮುದುಕ ಅವನನ್ನು ಮುಳ್ಳುಮರದ ಕೆಳಗೆ ಮಣ್ಣು ಮಾಡಿ, ಮೇಲೆ ಕಲ್ಲು ಒಟ್ಟಿದ್ದ. ತೋಮಾಸಾ ಆ ಕಲ್ಲುಗಳ ಪಕ್ಕದಲ್ಲಿ ಮಲಗಿಕೊಂಡಳು. ಆ ದಿನ ಗುಂಡಿನ ಸದ್ದು ಕೇಳಿ ಕತ್ತೆಯನ್ನು ಮುಂದಕ್ಕೆ ಅಟ್ಟಿದ್ದು ನೆನಪಾಯಿತು. ತಿರುಗಿ ನೋಡಿದ್ದರೂ ಕಾಣುತ್ತಿರಲಿಲ್ಲ, ನಡುವೆ ಗುಡ್ಡವಿತ್ತು. ಆದರೂ ತಿರುಗಿ ನೋಡಬೇಕಿತ್ತು ಎಂದು ಅನಿಸುವುದು ತಪ್ಪಲಿಲ್ಲ.

ಊರಿಗೆ ಮರಳಿ ಅತ್ತೆಯ ಎದುರು ಕೂತು ಎಲ್ಲವನ್ನೂ ಹೇಳಿದಳು. ಮುದುಕಿ "ಮನೆಗೆ ಬಂದಿದ್ದ ಅಲ್ವಾ? ನಮ್ಮ ಅಂಗಳದಲ್ಲಿ ನಿಂತಿದ್ದ," ಎಂದಳು.

"ನಿಂತಿದ್ದನಂತೆ ಅತ್ತೆ."

"ಎಲ್ಲಿ ನಿಂತಿದ್ದ, ತೋರಿಸು."

ತೋಮಾಸಾಗೆ ಜಾಗ ಗೊತ್ತಿರಲಿಲ್ಲ. ಸುಮ್ಮನೆ ಒಂದು ಕಡೆ ತೋರಿಸಿದಳು. ಅಂದಿನಿಂದ ಕಸಿಲ್ದಾ ಆ ಜಾಗವನ್ನು ಗುಡಿಸಿ, ನೀರು ಚಿಮುಕಿಸಿ ಇಟ್ಟುಕೊಂಡಳು. ಅಲ್ಲಿ ಯಾರಾದರೂ ಕಾಲಿಟ್ಟರೆ ಬೈಯುತ್ತಿದ್ದಳು. ದೊರೆಯ ಸೈನ್ಯ ಆಮೇಲೂ ಎಷ್ಟೋ ಸಲ ಊರಿಗೆ ಬಂತು, ಹೋಯಿತು. ಮುದುಕಿ ಮತ್ತೆ ಊರು ಬಿಡಲಿಲ್ಲ. ಅವಳು ಸತ್ತ ಮೇಲೆ ತೋಮಾಸಾ ಹೊಳೆಯ ದಂಡೆಗೆ ಹೋಗಿ ಒಲೆ ಹಾಕಿದಳು. ದಾರಿಹೋಕರಿಗೆ ಬ್ರೆಡ್ಡು ಸುಟ್ಟುಕೊಟ್ಟು ಬದುಕಿದಳು.

ಎಷ್ಟೋ ವರ್ಷಗಳ ಮೇಲೆ ಅತ್ತ ಪೊಟೊಸಿಯೂ ಬಿಡುಗಡೆಯಾಗಿ, ಇಡೀ ನಾಡಿನಿಂದ ದೊರೆಯ ಕೊನೆಯ ಸಿಪಾಯಿ ಕಾಲ್ತೆಗೆದ ಸುದ್ದಿ ಹೊತ್ತು ತುಕುಮಾನಿನಿಂದ ಮರಳುತ್ತಿದ್ದ ಹೇಸರಗತ್ತೆಯವರು ಅವಳ ಒಲೆಯ ಮುಂದೆ ಕುಣಿದರು.

"ಗೆದ್ವಿ ಅಮ್ಮಾ! ಇನ್ನಾದ್ರೂ ಊರಿಗೆ ನಡೀರಿ, ನಾವೇ ಕರ್ಕೊಂಡು ಹೋಗ್ತೀವಿ."

ಅವಳು ಅವರಿಗೆಲ್ಲ ಬಿಸಿ ಬ್ರೆಡ್ಡು ಹಂಚಿದಳು. "ಅಲ್ಲಿದ್ದಾಗ ಈ ಹೊಳೆ ಬೇಕು ಅನ್ನಿಸ್ತಿತ್ತು. ಇಲ್ಲಿ ಕೂತ್ರೆ ಆ ಅಂಗಳ ಬೇಕು ಅನ್ಸತ್ತೆ," ಎಂದು ನಕ್ಕಳು. "ಇಲ್ಲಾದ್ರೆ ಅವನಿದ್ದಾನೆ. ನೀವು ಹೋಗಿ ಬನ್ನಿ ಮಕ್ಕಳಾ."

ಅವರು ಉತ್ತರಕ್ಕೆ ಹಾಡುತ್ತ ಹೋದರು. ಧೂಳು ಅಡಗುವವರೆಗೂ ಅವಳು ದಾರಿ ನೋಡುತ್ತ ನಿಂತಿದ್ದಳು.