ಬಿಳಿ ಹಡಗಿಗೆ ಬಣ್ಣ ಬಡಿದವನು

ನಖಶಿಖಾಂತ ಬಿಳಿ ಬಟ್ಟೆ ತೊಟ್ಟು ಹಡಗಿನ ಮುಂದೆ ನಿಂತವರೆಲ್ಲ ಕ್ಯಾಪ್ಟನ್ನರೇ ಎಂದು ನಂಬಿದ್ದ ಜಾಣ ನಾನು. 1993ರಲ್ಲಿ ಅಥಣಿಯ ವಕೀಲರೊಬ್ಬರ ಹತ್ತಿರ ಟೈಪಿಸ್ಟ್ ಆಗಿದ್ದೆ. ಉಗಾರ ಖುರ್ದದ ಮುರಗೆಪ್ಪ ಹಡಗಿನ ಕಂಪನಿಗೆ ಕಾಗದ ಬರೆಸಲು ಬಂದವನು ಜೇಬಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟ. ಏಳು ಅಂತಸ್ತಿನ ಬಿಳಿ ಹಡಗು, ಅದರ ಮುಂದೆ ಬಿಳಿ ಬಟ್ಟೆಯಲ್ಲಿ ಇವನು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಎರಡು ತಿಂಗಳು 'ಕ್ಯಾಪ್ಟನ್ ಸಾಹೇಬ್ರ' ಎಂದು ಕರೆದು ಚಹಾ ಕುಡಿಸಿದೆ. ನನಗೂ ಹಡಗಿನಲ್ಲೊಂದು ನೌಕರಿ ಕೊಡಿಸಿರೆಂದು ಅರ್ಜಿ ಟೈಪು ಮಾಡಿಕೊಟ್ಟೆ. ಅರ್ಹತೆಯ ಜಾಗದಲ್ಲಿ 'ಕೃಷ್ಣಾ ನದಿಯಲ್ಲಿ ಈಜಿ ಅನುಭವವಿದೆ' ಎಂದು ಹಾಕಿದ್ದೆ. ಅವನದನ್ನು ಗಂಭೀರವಾಗಿ ಮಡಚಿ ಇಟ್ಟುಕೊಂಡ. ಕೊನೆಗೆ ತಾನೇ ಹೇಳಿದ: "ಅದು ಬಣ್ಣಾ ಬಡಿಯೋರ ಅಂಗಿ ತಮ್ಮಾ. ಕೆಂಪ ಬಣ್ಣಾ ಬಡಿಯೋ ದಿನಾ ಫೋಟೋ ತಗದಿದ್ರ ಕಟುಕರಾಂವ ಅಂತಿದ್ದಿ."

ಆಮೇಲೆ ಅವನು ಹೇಳಿದ್ದು, ನಾನು ಕಣ್ಣಾರೆ ಕಂಡದ್ದು, ಎರಡೂ ಸೇರಿ ಇದು.

ಮುರಗೆಪ್ಪನ ವಿದ್ಯೆಯೆಲ್ಲ ಕಿವಿಯಲ್ಲಿತ್ತು. ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿದ ಮೇಲೆ ಬಾಯ್ಲರಿನೊಳಗೆ ತೆವಳಿಕೊಂಡು ಹೋಗಿ ಕೊಳವೆಗಳ ಹಕ್ಕಳೆ ಕೆತ್ತುವುದು ಅವನ ಕೆಲಸ. ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತಿದ್ದ; ಕಬ್ಬಿಣ ತೆಳುವಾದಲ್ಲಿ ಬಳಪದಿಂದ ಸುತ್ತು ಹಾಕುತ್ತಿದ್ದ. ಸುತ್ತು ಬಿದ್ದದ್ದನ್ನು ಫಿಟರ್ ಬಂದು ಬದಲಿಸುತ್ತಿದ್ದ. 1988ರಲ್ಲಿ ಮುಂಬಯಿಯ ಏಜೆಂಟನೊಬ್ಬ ಅವನನ್ನು ಪ್ರವಾಸಿ ಹಡಗೊಂದಕ್ಕೆ ಹತ್ತಿಸಿದ. ಬಾಯ್ಲರಿನಲ್ಲಿ ಜೊತೆಗಿದ್ದ ಅಥಣಿ ಹತ್ತಿರದ ಅನಂತಪುರದ ಬಾಳುವನ್ನು ಮರುವರ್ಷ ಇವನೇ ಕರೆಸಿಕೊಂಡ.

ಹಡಗಿಗೆ ಹಂಗಾಮು ಮುಗಿಯುವುದೇ ಇಲ್ಲ ಎಂಬುದನ್ನು ಮುರಗೆಪ್ಪನಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಸಾವಿರ ಜನ ಇಳಿದರೆ ಸಂಜೆ ಸಾವಿರ ಜನ ಹತ್ತುತ್ತಾರೆ. ನಡುವೆ ಸಿಗುವ ಆರು ತಾಸಿನಲ್ಲಿ ಉಪ್ಪುಗಾಳಿ ತಿಂದದ್ದನ್ನೆಲ್ಲ ಬಣ್ಣ ಬಡಿದು ಮುಚ್ಚಬೇಕು. ಮೊದಲ ವಾರವೇ ಅವನು ಊರಿನ ಪದ್ಧತಿಯಂತೆ ಕಟಕಟೆಯುದ್ದಕ್ಕೂ ಬಡಿಯುತ್ತ ಹೋಗಿ ಇಪ್ಪತ್ತೆರಡು ಕಡೆ ಬಳಪದ ಸುತ್ತು ಹಾಕಿ, ಫಿಟರ್ ಬರುತ್ತಾನೆಂದು ಕಾಯುತ್ತ ಕೂತ. ಬಂದವರು ತಪಾಸಣೆಯ ಅಧಿಕಾರಿಗಳು. ಅವರು ಮೆಟ್ಟಿಲು ಹತ್ತುವುದಕ್ಕೆ ಹದಿನೈದು ನಿಮಿಷ ಮೊದಲು ಸೆರಾಂಗ, ಎಂದರೆ ಡೆಕ್ಕಿನ ಕೂಲಿಗಳ ಮೇಲಿನವ, ಸುತ್ತುಗಳನ್ನು ಕಂಡ. ಎಲ್ಲರನ್ನೂ ಕೂಗಿ ಕರೆದು ಮರಾಠಿಯಲ್ಲಿ, "ಹೊಸ ಸೊಸಿ ರಂಗೋಲಿ ಹಾಕ್ಯಾಳ, ನೋಡ ಬರ್ರಿ" ಎಂದ. ಮುರಗೆಪ್ಪನ ಅಂಗಿ ಬಿಚ್ಚಿಸಿ ಅದರಿಂದಲೇ ಒಂದೊಂದು ಸುತ್ತನ್ನೂ ಒರೆಸಿಸಿದ. ಇನ್ನೊಂದು ಗೆರೆ ಕಂಡರೆ ಮುಂದಿನ ಬಂದರದಲ್ಲೇ ಇಳಿಸಿಬಿಡುತ್ತೇನೆ ಎಂದ. ಬಾಯ್ಲರಿನೊಳಗೆ ಮತ್ತೆ ತೆವಳುವುದನ್ನು ನೆನೆದರೆ ಮುರಗೆಪ್ಪನಿಗೆ ಉಸಿರು ಕಟ್ಟುತ್ತಿತ್ತು. ಅಂದಿನಿಂದ ಸುತ್ತಿಗೆ ಏನೇ ಹೇಳಿದರೂ ಅವನು ಬ್ರಶ್ಶಿನಿಂದಲೇ ಉತ್ತರ ಕೊಟ್ಟ.

1992ರಲ್ಲಿ ಡೆಕ್ಕಿನ ಅಂಚಿನ ಒಂದು ಕಬ್ಬಿಣದ ಬಳೆ ಅವನ ಸುತ್ತಿಗೆಗೆ ಒಡೆದ ಗಡಿಗೆಯ ಸದ್ದು ಮಾಡಿತು. ಹಡಗಿನ ಹೊರಮೈಗೆ ಬಣ್ಣ ಬಡಿಯುವವರು ನಿಲ್ಲುವ ಹಲಗೆಯನ್ನು ಇಂಥ ಬಳೆಗಳಿಗೇ ತೂಗುಹಾಕುವುದು. ಸೆರಾಂಗ ಬದಿಯಲ್ಲೇ ನಿಂತಿದ್ದ. ಮುರಗೆಪ್ಪ ಅದರ ಮೇಲೆ ಎರಡು ಕೈ ಬಣ್ಣ ಎಳೆದ.

ಇಪ್ಪತ್ತು ದಿನಗಳ ಮೇಲೆ ಒಂದು ಬಂದರದಲ್ಲಿ ಬಾಳು ಅದೇ ಬಳೆಗೆ ಹಗ್ಗ ಕಟ್ಟತೊಡಗಿದ. ಸೊಂಟದ ಬೆಲ್ಟುಗಳು ಉಗ್ರಾಣದಲ್ಲಿ ಬೀಗದೊಳಗಿದ್ದವು. ತಪಾಸಣೆಗೆ ಹೊಸದಾಗಿ ಕಾಣಬೇಕೆಂದು ಅವನ್ನು ಯಾರಿಗೂ ಕೊಡುತ್ತಿರಲಿಲ್ಲ.

"ಯಾಕಲೇ ಮುರಗ್ಯಾ, ಮಾರಿ ಹಂಗ್ಯಾಕ ಮಾಡಿ? ಹೇಂತಿ ನೆನಪಾದಳೇನು?" ಎಂದ ಬಾಳು.

"ಏನಿಲ್ಲ. ಗಂಟ ಬಿಗಿ ಹಾಕ."

ಬಾಳುವಿನ ಬಾಯಿ ದೊಡ್ಡದು. ಹೇಳಿದರೆ ಇಡೀ ಡೆಕ್ಕಿಗೆ ಕೇಳುವಂತೆ ಕೂಗುತ್ತಾನೆ. ನಿನಗೆ ಹೇಳಿದವರಾರು ಎಂದು ಸೆರಾಂಗ ಕೇಳುತ್ತಾನೆ. ಇಪ್ಪತ್ತು ದಿನ ತಡೆದ ಬಳೆ ಇನ್ನೊಂದು ತಾಸು ತಡೆಯಲಾರದೇ ಎಂದು ಮುರಗೆಪ್ಪ ಲೆಕ್ಕ ಹಾಕಿದ. ಕಾಲು ತಾಸೂ ತಡೆಯಲಿಲ್ಲ. ಬಾಳು ಕೆಳಗೆ ಬಂದರಕಟ್ಟೆಯ ಕಲ್ಲುಹಾಸಿನ ಮೇಲೆ ಬಿದ್ದು ಅಲ್ಲೇ ಸತ್ತ. ಸಂಜೆಯ ಪ್ರಯಾಣಿಕರು ಬರುವಷ್ಟರಲ್ಲಿ ಪೈಪು ಹಿಡಿದು ಆ ಜಾಗ ತೊಳೆದಿದ್ದರು. ಅವರನ್ನು ಸ್ವಾಗತಿಸುವ ವಾದ್ಯದವರು ತಮ್ಮ ಜಾಗದಲ್ಲಿ ನಿಂತಿದ್ದರು. ಹೊಸ ಬಳೆ ಕೂಡಿಸಿದ ಮೇಲೆ ಅದಕ್ಕೆ ಬಣ್ಣ ಬಡಿದವನೂ ಮುರಗೆಪ್ಪನೇ. ಇಂಗ್ಲಿಷ್ ಕಾಗದವೊಂದಕ್ಕೆ ಸಹಿ ಮಾಡೆಂದರು, ಮಾಡಿದ.

ಆ ಕಾಗದದ ಪ್ರತಿ ಅನಂತಪುರಕ್ಕೆ, ಬಾಳುವಿನ ಹೆಂಡತಿ ಅಕ್ಕುತಾಯಿಗೆ ಬಂದಿತ್ತು. ಓದಿ ಹೇಳುವವರನ್ನು ಕರೆದುಕೊಂಡು ಬಾ ಎಂದು ಅವಳು, ಕರಾರು ಮುಗಿಸಿ ಊರಿಗೆ ಬಂದಿದ್ದ ಮುರಗೆಪ್ಪನಿಗೆ ಹೇಳಿಕಳಿಸಿದಳು. ಮುಂದಿನ ಕರಾರಿನ ಕರೆ ಅವನಿಗೆ ಆಗಲೇ ಬಂದಿತ್ತು. ಸುದ್ದಿ ಹೊರಬಿದ್ದರೆ ಕರೆ ರದ್ದು, ಅವಳ ಮನೆಗೆ ಹೋಗದಿದ್ದರೆ ಅನುಮಾನ. ನನ್ನನ್ನು ಕರೆದುಕೊಂಡು ಹೋದ. ನನ್ನ ಇಂಗ್ಲಿಷಿನ ಮೇಲೆ ಅವನಿಗಿದ್ದ ಅಪನಂಬಿಕೆಯೇ ಅವನ ಧೈರ್ಯ.

ಅಕ್ಕುತಾಯಿ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಓದಿದೆ: ಬಳೆ ಸುಸ್ಥಿತಿಯಲ್ಲಿತ್ತು, ಬೆಲ್ಟು ಕೊಡಲಾಗಿತ್ತು, ಮೃತನು ಅದನ್ನು ಧರಿಸಲಿಲ್ಲ.

"ಹಂಗಂತ ಸಾಕ್ಷಿ ಯಾರ ಹೇಳ್ಯಾರ್ರಿ?" ಎಂದಳು.

ಕೆಳಗಿದ್ದದ್ದು ಮುರಗೆಪ್ಪನ ಸಹಿ. ನಾನು ಕನ್ನಡಕ ಹುಡುಕುವವನಂತೆ ಜೇಬು ತಡವಿದೆ. ನನಗೆ ಕನ್ನಡಕವೇ ಇರಲಿಲ್ಲ.

"ನಾನ ಹೇಳೇನಿ," ಎಂದ ಮುರಗೆಪ್ಪ.

"ಬೆಲ್ಟ ಕೊಟ್ಟಿದ್ರೇನು?"

"ಇಲ್ಲ."

ಅವಳು ಶೇಂಗಾದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಆ ಬಳಿ ಹಾಳಾಗಿದ್ದು ನಿನಗ ಮೊದಲ ಗೊತ್ತಿತ್ತೇನಣ್ಣಾ?"

"ಗೊತ್ತಿತ್ತು. ಹೇಳಿದ್ರ ನನ್ನ ಇಳಸತಿದ್ರು. ಸೋಮವಾರ ಮತ್ತ ಅದೇ ಹಡಗಿಗಿ ಹೊಂಟೀನಿ."